ಕಡ್ಡಿಗೆ ಒಂದು ಬೆಳಗು, ಬ್ರಷ್ಷಿಗೆ ಎಷ್ಟು?

ಇಂದು ಬೆಳಿಗ್ಗೆ ನೀವು ಹಲ್ಲುಜ್ಜಿದ ಬ್ರಷ್ಷನ್ನು ಕೊಂಡದ್ದು ಯಾವಾಗ? ದೀಪಾವಳಿಗೆ ಮುಂಚೆಯೋ, ಆಮೇಲೋ? ನಮ್ಮಲ್ಲಿ ಬಹುಮಂದಿಗೆ ಇದಕ್ಕೆ ಉತ್ತರ ತಿಳಿಯದು. ಅಡುಗೆ ಅನಿಲದ ಸಿಲಿಂಡರ್ ಬದಲಿಸಿದ ತಾರೀಖು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿರುತ್ತದೆ. ಹಸು ಕರು ಹಾಕಿದ ದಿನ ಮನೆಮಂದಿಗೆಲ್ಲ ನೆನಪಿರುತ್ತದೆ. ಆದರೆ ದಿನವೂ ಬಾಯೊಳಗೆ ಹೋಗಿ ಬರುವ ಈ ಪುಟ್ಟ ವಸ್ತುವಿನ ವಯಸ್ಸನ್ನು ಯಾರೂ ಬರೆದಿಡುವುದಿಲ್ಲ.

ನಮ್ಮ ಅಜ್ಜ ಅಜ್ಜಿಯರನ್ನು ಇದೇ ಪ್ರಶ್ನೆ ಕೇಳಿದ್ದರೆ ಅವರು ನಕ್ಕುಬಿಡುತ್ತಿದ್ದರು. ಅವರು ಹಲ್ಲುಜ್ಜುತ್ತಿದ್ದ ಸಾಧನಕ್ಕೆ ವಯಸ್ಸು ಎಂಬುದೇ ಇರಲಿಲ್ಲ. ಹೊತ್ತು ಮೂಡುವಾಗ ಮರದಿಂದ ಮುರಿದದ್ದು ಮುಖ ತೊಳೆಯುವಷ್ಟರಲ್ಲಿ ಬೇಲಿಯಾಚೆ ಬಿದ್ದಿರುತ್ತಿತ್ತು. 'ಇದನ್ನು ಯಾವಾಗ ಬದಲಿಸಬೇಕು?' ಎಂಬ ಪ್ರಶ್ನೆ ಮನುಷ್ಯನಿಗೆ ಹುಟ್ಟಿದ್ದೇ ತೀರ ಈಚೆಗೆ. ಅದು ಎಲ್ಲಿಂದ ಹುಟ್ಟಿತು, ನಮ್ಮ ಬೀದರ ಸೀಮೆಯ ಅಂಗಳಗಳಿಗೆ ಹೇಗೆ ಬಂತು ಎಂಬುದು ಸಣ್ಣ ಇತಿಹಾಸವೇ ಸರಿ. ಆದರೆ ಆ ಇತಿಹಾಸ ನಮ್ಮ ಹಲ್ಲಿನ ಬುಡದಲ್ಲೇ ಇದೆ.

ಬೀದರಿನಿಂದ ಭಾಲ್ಕಿಗೆ, ಅಥವಾ ಉತ್ತರದ ಔರಾದಿಗೆ ಹೋಗುವ ದಾರಿಯಲ್ಲಿ ಕಿಟಕಿಯಾಚೆ ನೋಡುತ್ತ ಕುಳಿತರೆ ಎರಡು ಮರಗಳು ನಿಮ್ಮ ಸಂಗಡವೇ ಬರುತ್ತವೆ. ಒಂದು ಬೇವು, ಇನ್ನೊಂದು ಜಾಲಿ. ಮಳೆ ಕೈಕೊಟ್ಟ ವರ್ಷದಲ್ಲೂ ಇವೆರಡು ಹಸಿರಾಗಿಯೇ ನಿಲ್ಲುತ್ತವೆ. ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಬೆರೆತ ಈ ಗಡಿನಾಡಿನಲ್ಲಿ ಒಬ್ಬರು ಬೇವಿನ ಕಡ್ಡಿ ಎಂದರು, ಇನ್ನೊಬ್ಬರು ದಾತೂನ ಎಂದರು, ಮತ್ತೊಬ್ಬರು ಮಿಸ್ವಾಕ್ ಎಂದರು. ಮುರಿದದ್ದು ಮಾತ್ರ ಎಲ್ಲರೂ ಒಂದು ಗೇಣಿನ ಹಸಿ ರೆಂಬೆಯನ್ನೇ. ತುದಿಯನ್ನು ದವಡೆಯಲ್ಲಿಟ್ಟು ಕಡಿದು ಕಡಿದು ನಾರು ಬಿಡಿಸಿ, ಆ ನಾರಿನಿಂದ ಒಂದೊಂದೇ ಹಲ್ಲನ್ನು ತಿಕ್ಕಿ, ಕೊನೆಗೆ ಕಡ್ಡಿಯನ್ನು ಉದ್ದಕ್ಕೆ ಸೀಳಿ ಬಿಲ್ಲಿನಂತೆ ಬಾಗಿಸಿ ನಾಲಿಗೆ ಕೆರೆದುಕೊಂಡು ಎಸೆಯುವುದು. ಸೀಳಿದ ಮೇಲೆ ಅದು ಮತ್ತೆ ಕಡ್ಡಿಯಾಗದು. ಅಂದರೆ ಆ ಸಾಧನದ ಬಳಕೆಯೊಳಗೇ ಅದರ ಅಂತ್ಯವೂ ಅಡಗಿತ್ತು, ಬದಲಿಸಬೇಕೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇದು ಹಳ್ಳಿಗರ ರೂಢಿ ಮಾತ್ರವಾಗಿರಲಿಲ್ಲ, ಶಾಸ್ತ್ರವೂ ಆಗಿತ್ತು. ಚರಕ ಮತ್ತು ಸುಶ್ರುತ ಸಂಹಿತೆಗಳೆರಡರಲ್ಲೂ ದಂತಕಾಷ್ಠದ ವಿಚಾರ ಬರುತ್ತದೆ. ಸುಶ್ರುತನ ಪ್ರಕಾರ ಅದು ಹನ್ನೆರಡು ಅಂಗುಲ ಉದ್ದವಿರಬೇಕು, ಕಿರುಬೆರಳಿನಷ್ಟು ದಪ್ಪವಿರಬೇಕು. ಕಹಿ ಮರಗಳಲ್ಲಿ ಬೇವು ಶ್ರೇಷ್ಠ. ಏಳನೆಯ ಶತಮಾನದ ಕೊನೆಯ ಭಾಗದಲ್ಲಿ ನಾಲಂದದಲ್ಲಿದ್ದು ಕಲಿತ ಚೀನೀ ಭಿಕ್ಷು ಇತ್ಸಿಂಗ್ ತಾನು ಕಂಡ ಭಾರತದ ಬಗ್ಗೆ ಬರೆದ ಗ್ರಂಥದಲ್ಲಿ ಈ ಕಡ್ಡಿಯ ವಿವರ ಕೊಡುತ್ತಾನೆ. ಅವನು ಹೇಳುವ ಅಳತೆಯೂ ಹನ್ನೆರಡು ಅಂಗುಲವೇ. ಎಂಟಕ್ಕಿಂತ ಕಡಿಮೆಯಾಗಬಾರದು ಎನ್ನುತ್ತಾನೆ. ಹೆಚ್ಚು ಕುತೂಹಲದ ಸಂಗತಿಯೆಂದರೆ, ಕಡ್ಡಿಯನ್ನು ಎಸೆಯುವುದಕ್ಕೂ ಅವನಲ್ಲಿ ನಿಯಮವಿದೆ. ಬೆರಳಿನಿಂದ ಚಿಟಿಕೆ ಹೊಡೆದೋ, ಕೆಮ್ಮಿಯೋ ಸದ್ದು ಮಾಡಿದ ಮೇಲೆಯೇ ಎಸೆಯಬೇಕಂತೆ. ಬೇಲಿಯಾಚೆ ಯಾರಿದ್ದಾರೋ ಎಂದು ನೋಡದೆ ಕಸ ಬಿಸಾಡುವ ನಮಗೆ ಈ ಸೌಜನ್ಯ ವಿಚಿತ್ರವೆನಿಸಬಹುದು. ಎಸೆಯುವುದೂ ಒಂದು ಕ್ರಿಯೆ, ಅದಕ್ಕೂ ಹೊತ್ತು ಗೊತ್ತು ಉಂಟು ಎಂದು ತಿಳಿದಿದ್ದ ಜನ ಅವರು.

ಹದಿನೈದನೆಯ ಶತಮಾನದಲ್ಲಿ ಬೀದರ ಬಹಮನಿ ಸುಲ್ತಾನರ ರಾಜಧಾನಿಯಾಯಿತು. ಪಾರಸಿಕ ದೇಶದ ಗಿಲಾನಿನಿಂದ ಬಂದು ಮಂತ್ರಿಪದವಿಗೇರಿದ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ಊರ ನಡುವೆ ಇಂದಿಗೂ ನಿಂತಿದೆ, ಸಿಡಿಮದ್ದಿನ ಸ್ಫೋಟಕ್ಕೆ ಒಂದು ಪಾರ್ಶ್ವ ಕಳೆದುಕೊಂಡಿದ್ದರೂ. ಪ್ರಾರ್ಥನೆಗೆ ಮುನ್ನ ಬಾಯಿಯನ್ನು ಕಡ್ಡಿಯಿಂದ ಶುಚಿಗೊಳಿಸುವುದು ಪ್ರವಾದಿಯವರಿಗೆ ಬಹು ಪ್ರಿಯವಾದ ಆಚರಣೆಯೆಂದು ಮುಸ್ಲಿಮರು ನಂಬುತ್ತಾರೆ. ಹಾಗಿರುವಾಗ ಆ ಮದರಸಾದ ಅಂಗಳದಲ್ಲಿ ಪ್ರತಿದಿನ ಎಷ್ಟು ಮಿಸ್ವಾಕ್‌ಗಳು ಕಡಿಯಲ್ಪಟ್ಟಿರಬಹುದೆಂದು ನಾವು ಊಹಿಸಿಕೊಳ್ಳಬಹುದಷ್ಟೆ. ಅವುಗಳಲ್ಲಿ ಒಂದೂ ಉಳಿದಿಲ್ಲ. ಬೀದರಿನ ಕುಶಲಕರ್ಮಿಗಳು ಕಪ್ಪು ಲೋಹದ ಮೇಲೆ ಬೆಳ್ಳಿಯ ಬಳ್ಳಿ ಬಿಡಿಸಿ ಮಾಡಿದ ಪಾನದಾನಿಗಳು ದೇಶವಿದೇಶಗಳ ವಸ್ತುಸಂಗ್ರಹಾಲಯಗಳಲ್ಲಿ ಗಾಜಿನ ಹಿಂದೆ ಕುಳಿತಿವೆ. ಹಲ್ಲನ್ನು ಕೆಂಪಾಗಿಸುವ ಎಲೆಯಡಿಕೆಗೆ ಬೆಳ್ಳಿಯ ಪೆಟ್ಟಿಗೆ. ಹಲ್ಲನ್ನು ಬೆಳ್ಳಗಾಗಿಸುವ ಕಡ್ಡಿಗೆ ಪೆಟ್ಟಿಗೆಯೇ ಬೇಕಿರಲಿಲ್ಲ. ಇತಿಹಾಸಕಾರನ ಕಷ್ಟ ನೋಡಿ: ಬಳಸಿ ಎಸೆಯಬೇಕಾದದ್ದನ್ನು ಜನ ಸರಿಯಾಗಿ ಎಸೆದರೆ ಅವನ ಕೈಗೆ ಏನೂ ಸಿಗುವುದಿಲ್ಲ.

ಮಿಸ್ವಾಕಿಗೆ ಹೆಸರಾದದ್ದು ಪೀಲು ಮರದ ಬೇರು ಮತ್ತು ರೆಂಬೆ. ಇದು ಬೇವಿನಂತೆ ಪ್ರತಿ ಅಂಗಳದಲ್ಲೂ ಸಿಗುವುದಲ್ಲವಾದ್ದರಿಂದ ಒಂದೇ ಕಡ್ಡಿ ಹಲವು ದಿನ ಬರುತ್ತದೆ. ಆದರೆ ಅದನ್ನು ಬಳಸುವವರ ಪದ್ಧತಿಯನ್ನು ಗಮನಿಸಿ: ತುದಿಯ ನಾರು ಸವೆದು ರುಚಿ ಸಪ್ಪೆಯಾದೊಡನೆ ಅಷ್ಟು ಭಾಗವನ್ನು ಕತ್ತರಿಸಿ, ಮುಂದಿನ ತೊಗಟೆ ಸುಲಿದು ಹೊಸ ನಾರು ಬಿಡಿಸಿಕೊಳ್ಳುತ್ತಾರೆ. ಕಡ್ಡಿ ಹಳೆಯದು, ಬಾಯಿಗಿಡುವ ಭಾಗ ಹೊಸದು.

ಗಾಂಧೀಜಿಯವರೂ ಇದೇ ಹಾದಿ ಹಿಡಿದಿದ್ದರು. 1930ರಲ್ಲಿ ಯೆರವಡಾ ಸೆರೆಮನೆಯಲ್ಲಿ ಅವರ ಜೊತೆಗಿದ್ದವರು ಕಾಕಾ ಕಾಲೇಲ್ಕರ್. ಬಾಲ್ಯವನ್ನು ಕಾರವಾರ, ಬೆಳಗಾವಿಗಳಲ್ಲಿ ಕಳೆದ ಕಾಲೇಲ್ಕರರು ನಮಗೇನೂ ಹೊರಗಿನವರಲ್ಲ. ದಿನವೂ ಬೇವಿನ ಕಡ್ಡಿಯ ತುದಿ ಜಜ್ಜಿ ಬಾಪುವಿಗೆ ಸಿದ್ಧಪಡಿಸಿ ಕೊಡುವುದು ಅವರ ಕೆಲಸ. ಮೊದಲ ದಿನ ಹಲ್ಲುಜ್ಜಿದ ಮೇಲೆ ಬಾಪು, ತುದಿಯನ್ನಷ್ಟೇ ಕತ್ತರಿಸಿ ಉಳಿದ ಕಡ್ಡಿಯನ್ನು ನಾಳೆಗಿಡುವಂತೆ ಹೇಳಿದರಂತೆ. ಇಲ್ಲಿ ಬೇವಿಗೇನು ಬರವೇ, ದಿನಕ್ಕೊಂದು ಹಸಿ ಕಡ್ಡಿ ತರಬಹುದಲ್ಲ ಎಂದು ಇವರು ಕೇಳಿದರು. ಸಿಗುತ್ತದೆ ಎಂದ ಮಾತ್ರಕ್ಕೆ ಮುರಿಯುವ ಹಕ್ಕು ನಮಗೆ ಬರುವುದಿಲ್ಲ ಎಂಬರ್ಥದ ಉತ್ತರ ಬಂತು. ಕಡ್ಡಿ ಒಣಗುವತನಕ ಅಥವಾ ಹಿಡಿಯಲಾಗದಷ್ಟು ಚಿಕ್ಕದಾಗುವತನಕ ಅದೇ ನಡೆಯಿತು. ಈ ಪ್ರಸಂಗವನ್ನು ಮಿತವ್ಯಯದ ಪಾಠವಾಗಿ ನಾವು ಕೇಳಿದ್ದೇವೆ. ಆದರೆ ಇನ್ನೊಂದು ಅಂಶ ಕಣ್ತಪ್ಪುತ್ತದೆ: ಎಂಥ ಮಿತವ್ಯಯಿಯೂ ಸವೆದ ತುದಿಯನ್ನು ಮಾತ್ರ ಉಳಿಸಲಿಲ್ಲ. ಅದನ್ನು ದಿನದಿನವೂ ಕತ್ತರಿಸಿದರು.

ಉಪವಾಸದ ಕಾಲದಲ್ಲಿ ಹಲ್ಲುಜ್ಜುವುದು ಒಂದು ಧರ್ಮಸೂಕ್ಷ್ಮವೇ ಆಗಿತ್ತೆಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ರಂಜಾನಿನಲ್ಲಿ ಕಡ್ಡಿ ಬಳಸಬಹುದು, ಆದರೆ ರುಚಿಯುಳ್ಳ ಪೇಸ್ಟು ಗಂಟಲಿಗಿಳಿದರೆ ಏನು ಗತಿ ಎಂಬ ಚರ್ಚೆ ಇಂದಿಗೂ ನಡೆಯುತ್ತದೆ. ನಮ್ಮಲ್ಲಿಯೂ, ಪರಮಪ್ರಸಾದ ಸ್ವೀಕರಿಸುವವರು ಮಧ್ಯರಾತ್ರಿಯಿಂದ ನೀರನ್ನೂ ಮುಟ್ಟಬಾರದೆಂಬ ನಿಯಮವಿದ್ದ ಕಾಲದಲ್ಲಿ, ಬಾಯಿ ಮುಕ್ಕಳಿಸುವಾಗ ಒಂದು ಹನಿ ಒಳಗಿಳಿದೀತೆಂದು ಹಿರಿಯರು ಅಂಜುತ್ತಿದ್ದರು. ನೀರು ಉಪವಾಸವನ್ನು ಮುರಿಯುವುದಿಲ್ಲವೆಂದು ಜಗದ್ಗುರು ಹನ್ನೆರಡನೆಯ ಪಯಸ್ ಅವರು 1953ರಲ್ಲಿ ಸಾರಿದ ಮೇಲೆ ಆ ಅಂಜಿಕೆ ಹೋಯಿತು.

ಇನ್ನು ಬ್ರಷ್ಷಿನ ಕಥೆ. ಅದು ಹುಟ್ಟಿದ್ದು ಚೀನಾದಲ್ಲಿ. 1223ರಲ್ಲಿ ಅಲ್ಲಿಗೆ ಹೋದ ಜಪಾನಿನ ಝೆನ್ ಗುರು ದೋಗೆನ್, ಎತ್ತಿನ ಕೊಂಬಿನ ಹಿಡಿಗೆ ಕುದುರೆಯ ಕೂದಲು ನೆಟ್ಟು ಹಲ್ಲುಜ್ಜುವವರನ್ನು ಕಂಡ. ಅವನಿಗದು ಹಿಡಿಸಲಿಲ್ಲ. ಪಾದರಕ್ಷೆಯ ಧೂಳು ಕೊಡವುವ ಕುಂಚದಂಥದ್ದನ್ನೇ ಬಾಯಿಗೂ ಇಡುವುದೇ, ಇದು ಅಶುದ್ಧ, ಬುದ್ಧನ ಮಾರ್ಗದವರಿಗೆ ಎಳೆಯ ರೆಂಬೆಯೇ ತಕ್ಕದ್ದು ಎಂದು ಬರೆದಿಟ್ಟ. ಮುಂದೆ ಹಂದಿಯ ಬಿರುಗೂದಲಿನ ಕುಂಚ ಚೀನಾದಲ್ಲಿ ಬಳಕೆಗೆ ಬಂತು. ಇಂಗ್ಲೆಂಡಿನಲ್ಲಿ ಸುಮಾರು 1780ರಲ್ಲಿ ವಿಲಿಯಂ ಆಡಿಸ್ ಎಂಬಾತ ಮೂಳೆಗೆ ತೂತು ಕೊರೆದು ಬಿರುಗೂದಲು ನೆಟ್ಟು ಬ್ರಷ್ಷುಗಳ ತಯಾರಿಕೆ ಆರಂಭಿಸಿದ. ಸೆರೆಮನೆಯಲ್ಲಿದ್ದಾಗ, ಊಟದಲ್ಲಿ ಉಳಿಸಿಕೊಂಡ ಮೂಳೆಯೊಂದರಿಂದ ಅವನಿಗೆ ಈ ಯುಕ್ತಿ ಹೊಳೆಯಿತೆಂದು ಕಥೆಯಿದೆ. ಆಡಿಸನ ಸೆರೆಮನೆ, ಬಾಪುವಿನ ಸೆರೆಮನೆ: ಹಲ್ಲಿನ ಬಗ್ಗೆ ಯೋಚಿಸಲು ಮನುಷ್ಯನಿಗೆ ಬಿಡುವು ಸಿಗುವುದು ಅಲ್ಲೇ ಎಂದು ತೋರುತ್ತದೆ.

ಹಂದಿಯ ಕೂದಲಿನ ಈ ಬ್ರಷ್ಷು ನಮ್ಮ ಸೀಮೆಯಲ್ಲಿ ಮನೆಮಾತಾಗಲು ಸಾಧ್ಯವಿತ್ತೇ? ಮುಸ್ಲಿಮರಿಗೆ ಅದು ನಿಷಿದ್ಧ, ಲಿಂಗಾಯತ ಜೈನಾದಿ ಶಾಖಾಹಾರಿಗಳಿಗೆ ಅಸಹ್ಯ. ಧರ್ಮದ ಮಾತು ಹಾಗಿರಲಿ, ಅದರಲ್ಲಿ ಬೇರೆ ದೋಷವೂ ಇತ್ತು. ಬಿರುಗೂದಲಿನ ಒಳಗು ಟೊಳ್ಳು; ನೀರು ಹೀರಿಕೊಂಡರೆ ಬೇಗ ಒಣಗದು, ಕ್ರಿಮಿಗಳಿಗೆ ಒಳ್ಳೆಯ ವಾಸಸ್ಥಾನ, ಜೊತೆಗೆ ಕೂದಲು ಉದುರಿ ಬಾಯಲ್ಲೇ ಉಳಿಯುವ ಕಾಟ. ದೋಗೆನನ ಹೇವರಿಕೆ ಕೇವಲ ಮಡಿವಂತಿಕೆಯಾಗಿರಲಿಲ್ಲ. ಅಮೆರಿಕದ ಡ್ಯೂಪಾಂಟ್ ಕಂಪನಿಯಲ್ಲಿ ವಾಲೆಸ್ ಕ್ಯಾರದರ್ಸ್ 1935ರಲ್ಲಿ ನೈಲಾನ್ ಸೃಷ್ಟಿಸಿದ ಮೇಲೆ ಸನ್ನಿವೇಶ ಬದಲಾಯಿತು. ಆ ನೈಲಾನಿನಿಂದ ಮಾಡಿದ ಮೊದಲ ಮಾರಾಟದ ವಸ್ತು ಹೆಂಗಸರ ಕಾಲುಚೀಲವಲ್ಲ, ಹಲ್ಲಿನ ಬ್ರಷ್ಷು. 1938ರ ಫೆಬ್ರವರಿ 24ರಂದು ಅದು ಪೇಟೆಗೆ ಬಂತು. ಟೊಳ್ಳಿಲ್ಲದ, ಬೇಗ ಒಣಗುವ, ಯಾವ ಜಾತಿಮತಕ್ಕೂ ತೊಡಕಾಗದ ಎಳೆ. ಒಂದೇ ತೊಂದರೆ: ಅದು ಕೊಳೆಯುವುದಿಲ್ಲ, ಉದುರುವುದಿಲ್ಲ, ಸತ್ತರೂ ಸತ್ತೆನೆಂದು ಹೇಳುವುದಿಲ್ಲ.

ಆಗ ಬೀದರ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ವಿಕಾರಾಬಾದಿನಿಂದ ಪರಳಿಯತ್ತ ಹೋಗುವ ರೈಲು ಬೀದರ, ಭಾಲ್ಕಿಗಳ ಮೂಲಕ ಹಾಯುತ್ತದೆ. ರಾಜಧಾನಿಯ ಹೊಸ ಸರಕುಗಳಿಗೆ ಅದೇ ಹಾದಿ. ಔರಾದ ಪಟ್ಟಣಕ್ಕೆ ರೈಲಿಲ್ಲ. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದೊಳಗೆ ಸೇರಿತು. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯೇ ಮೂರು ಪಾಲಾಗಿ, ಉದಗೀರ ನಿಲಂಗಾಗಳು ಮುಂಬಯಿ ರಾಜ್ಯಕ್ಕೂ, ಜಹೀರಾಬಾದಿನ ಕಡೆ ಆಂಧ್ರಕ್ಕೂ, ಬೀದರ, ಭಾಲ್ಕಿ, ಔರಾದಗಳು ಮೈಸೂರಿಗೂ ಬಂದವು. ಇಷ್ಟೆಲ್ಲ ರಾಜ್ಯಗಳು ಬದಲಾದರೂ ಬೇವಿನ ಕಡ್ಡಿ ಬದಲಾಗಲಿಲ್ಲ.

ಬದಲಾವಣೆ ಮೊದಲು ಬಂದದ್ದು ಪುಡಿಯ ರೂಪದಲ್ಲಿ. ಬೆರಣಿಯ ಬೂದಿ, ಇದ್ದಿಲು, ಉಪ್ಪು ಇವು ಮೊದಲಿನಿಂದ ಇದ್ದವೇ. ಅಂಗಡಿಯಲ್ಲಿ ಮಂಗನ ಚಿತ್ರದ ಕರಿ ಹಲ್ಲುಪುಡಿ ಸಿಕ್ಕಿತು. ದಕ್ಷಿಣದಲ್ಲಿ ಬಿ.ವಿ. ಪಂಡಿತರು 1913ರಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ನಂಜನಗೂಡು ಹಲ್ಲುಪುಡಿ ಮನೆಮಾತಾಯಿತು. ಪುಡಿ ಬಂದ ಮೇಲೆ ಕಡ್ಡಿಯ ಸ್ಥಾನವನ್ನು ಬೆರಳು ಹಿಡಿಯಿತು. ಬೆರಳಿಗೆ ನಾರಿಲ್ಲ, ಹಲ್ಲಿನ ಸಂದಿಗೆ ಅದು ಇಳಿಯದು. ನನ್ನ ಮಟ್ಟಿಗೆ ಇದು ಮುನ್ನಡೆಯಲ್ಲ, ಹಿನ್ನಡೆ.

ಇನ್ನೂ ಕೆಟ್ಟ ಹಿನ್ನಡೆ ಮಶೇರಿಯದು. ಕೆಲವೆಡೆ ಮಿಶ್ರಿ ಎಂದೂ ಕರೆಯುತ್ತಾರೆ; ಹೆಸರು ಕಲ್ಲುಸಕ್ಕರೆಯದು, ಒಳಗಿರುವುದು ಹುರಿದು ಕರಿದಾಗಿಸಿದ ಹೊಗೆಸೊಪ್ಪಿನ ಪುಡಿ. ಮಹಾರಾಷ್ಟ್ರದಲ್ಲೂ ಅದಕ್ಕೆ ಹೊಂದಿದ ನಮ್ಮ ಗಡಿಯಲ್ಲೂ ಎಷ್ಟೋ ಹೆಣ್ಣುಮಕ್ಕಳು, ಬೀಡಿ ಸಿಗರೇಟು ಮುಟ್ಟದವರು, ಹಲ್ಲುನೋವಿಗೆಂದು ಇದನ್ನು ಹಚ್ಚಿಕೊಳ್ಳಲು ಶುರುಮಾಡಿ ದಿನಕ್ಕೆ ನಾಲ್ಕೈದು ಸಲ ತಿಕ್ಕುವ ಚಟಕ್ಕೆ ಬಿದ್ದರು. ಹಲ್ಲುಜ್ಜುವುದೆಂಬ ಸತ್ಕಾರ್ಯದ ಮುಸುಕಿನಲ್ಲಿ ತಂಬಾಕು ಒಳಹೊಕ್ಕಿತು. ಬಾಯಿಯ ಕ್ಯಾನ್ಸರಿಗೆ ಅದು ನೇರ ದಾರಿ. ಟೂತ್‌ಪೇಸ್ಟು, ಹಲ್ಲುಪುಡಿಗಳಲ್ಲಿ ತಂಬಾಕು ಬಳಸುವುದನ್ನು ಕೇಂದ್ರ ಸರ್ಕಾರ 1992ರಲ್ಲಿ ನಿಷೇಧಿಸಿತು. ಆದರೆ ಮನೆಯ ಹಂಚಿನ ಮೇಲೆ ಹುರಿದದ್ದಕ್ಕೆ ಯಾವ ಕಾನೂನು ತಡೆಯೊಡ್ಡೀತು? ನಿಮ್ಮ ಮನೆಯಲ್ಲಿ ಅಂಥ ಡಬ್ಬಿಯಿದ್ದರೆ, ಬ್ರಷ್ಷಿನ ಮಾತು ಆಮೇಲೆ. ಮೊದಲು ಅದನ್ನು ತಿಪ್ಪೆಗೆ ಸೇರಿಸಿ. ಬಾಯೊಳಗೆ ಬಿಳಿಯ ಅಥವಾ ಕೆಂಪು ಮಚ್ಚೆಯೋ, ಎರಡು ವಾರವಾದರೂ ಮಾಯದ ಹುಣ್ಣೋ ಕಂಡರೆ ವೈದ್ಯರಿಗೆ ತೋರಿಸಲು ತಡಮಾಡಬೇಡಿ. ಬೀದರ ನಗರದಲ್ಲಿ ಈಗ ದಂತ ವೈದ್ಯಕೀಯ ಕಾಲೇಜೇ ಇದೆ, ಹೈದರಾಬಾದಿಗೆ ಓಡಬೇಕಾಗಿಲ್ಲ.

ಬ್ರಷ್ಷು ಕೊನೆಗೆ ಬಂತು. ಮೊದಲು ಸರ್ಕಾರಿ ನೌಕರರ ಮನೆಗೆ, ವಿದ್ಯಾರ್ಥಿ ನಿಲಯಗಳಿಗೆ, ಆಮೇಲೆ ಸಂತೆಯ ಅಂಗಡಿಗೆ, ಊರೂರಿಗೆ. ಅದು ಬಂದದ್ದು ಬಡತನದ, ಬರದ ನಾಡಿಗೆ ಎಂಬುದನ್ನು ಮರೆಯಬಾರದು. ಹರಿದ ಸೀರೆ ಕೌದಿಯಾಗುವ, ಒಡೆದ ಕೊಡ ಹೂವಿನ ಕುಂಡವಾಗುವ ಮನೆಗಳಲ್ಲಿ, ಮುರಿಯದ ವಸ್ತುವನ್ನು ಎಸೆಯುವುದು ಪಾಪಕ್ಕೆ ಸಮಾನ. ಬ್ರಷ್ಷು ಮುರಿಯುವುದೇ ಇಲ್ಲವಲ್ಲ! ಹಾಗಾಗಿ ಅದರ ಎಳೆಗಳು ತುಳಿದ ಹುಲ್ಲಿನಂತೆ ನಾಲ್ಕೂ ದಿಕ್ಕಿಗೆ ಮಲಗಿದರೂ ಅದು ಬಚ್ಚಲಗೂಡಿನಲ್ಲಿ ಕುಳಿತೇ ಇರುತ್ತದೆ. ಎಷ್ಟೋ ಕಡೆ ಅಣ್ಣನದೇ ತಮ್ಮನಿಗೂ. ಕಡ್ಡಿಯನ್ನು ಎಂದಾದರೂ ಇಬ್ಬರು ಹಂಚಿಕೊಂಡದ್ದುಂಟೇ? ಎಂಜಲೆಂಬ ಒಂದೇ ಮಾತು ಅದನ್ನು ತಡೆಯುತ್ತಿತ್ತು. ಬಣ್ಣದ ಹಿಡಿ ಬಂದೊಡನೆ ಆ ಎಚ್ಚರ ಹೇಗೋ ಮರೆಯಾಯಿತು.

ಹಾಗಾದರೆ ಬ್ರಷ್ಷಿನ ಆಯುಷ್ಯವೆಷ್ಟು? ದಂತವೈದ್ಯರ ಸಂಘಗಳು ಸಾಮಾನ್ಯವಾಗಿ ಹೇಳುವುದು ಮೂರರಿಂದ ನಾಲ್ಕು ತಿಂಗಳು. ಇದನ್ನು ಪಂಚಾಂಗದ ತಿಥಿಯಂತೆ ಕಟ್ಟುನಿಟ್ಟಾಗಿ ಹಿಡಿಯಬೇಕಿಲ್ಲ. ಅದೇ ಸಂಘಗಳು, ಎಳೆಗಳು ಬಾಗಿ ಹರಡಿದರೆ ಅವಧಿಗೆ ಮುಂಚೆಯೇ ಬದಲಿಸಿ ಎನ್ನುತ್ತವೆ. ಕಾರಣ ಸರಳ. ಕೆಲಸ ಮಾಡುವುದು ಎಳೆಯ ತುದಿ. ಹಲ್ಲು ಒಸಡುಗಳು ಕೂಡುವ ಗೆರೆಯಲ್ಲಿ ಅಂಟಿಕೊಳ್ಳುವ ಮೆತ್ತನೆಯ ಪೊರೆಯನ್ನು ನೆಟ್ಟಗೆ ನಿಂತ ತುದಿ ಮಾತ್ರ ಕೆರೆದು ತೆಗೆಯಬಲ್ಲದು. ಮಲಗಿದ ಎಳೆ ಅದರ ಮೇಲೆ ಸುಮ್ಮನೆ ಜಾರುತ್ತದೆ. ಉಳಿದ ಪೊರೆ ಗಟ್ಟಿಯಾಗಿ ಕಿಟ್ಟವಾಗುತ್ತದೆ, ಒಸಡು ಊದಿಕೊಂಡು ರಕ್ತ ಒಸರುತ್ತದೆ, ವರ್ಷಗಳು ಕಳೆದಂತೆ ಹುಳುಕಿಲ್ಲದ ಹಲ್ಲೂ ಬುಡ ಸಡಿಲಗೊಂಡು ಅಲುಗುತ್ತದೆ. ಕಡಕ್ ಜೋಳದ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುವ ಹಿರಿಯರನ್ನು ನೀವು ಕಂಡಿದ್ದೀರಿ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ಕಡಲೆ ಬೆಳೆಯುವ ಈ ಕರಿನೆಲದಲ್ಲಿ ಬರಿಯ ಗಾದೆಯಲ್ಲ.

ಬ್ರಷ್ಷನ್ನು ಹಿಂಬದಿಯಿಂದ ನೋಡಿ. ತಲೆಯ ಅಂಚನ್ನು ದಾಟಿ ಎಳೆಗಳು ಇಣುಕುತ್ತಿದ್ದರೆ ಅದರ ಕಾಲ ಮುಗಿದಿದೆ. ಒಂದೇ ತಿಂಗಳಲ್ಲಿ ಹೀಗಾದರೆ ಬ್ರಷ್ಷಿನ ದೋಷವಲ್ಲ, ಪಾತ್ರೆ ಉಜ್ಜಿದಂತೆ ಒತ್ತಿ ಉಜ್ಜುವ ಕೈಯ ದೋಷ. ಮೆತ್ತನೆಯ ಎಳೆಯದನ್ನು ಕೊಂಡು ಹಗುರವಾಗಿ ಹಿಡಿಯಿರಿ. ಮಕ್ಕಳು ಬ್ರಷ್ಷನ್ನು ಕಡಿಯುತ್ತಾರೆ, ಅಜ್ಜನ ಕಡ್ಡಿಯ ನೆನಪು ರಕ್ತದಲ್ಲಿದೆಯೇನೋ! ಆದ್ದರಿಂದ ಅವರದು ಬೇಗ ಹಾಳಾಗುತ್ತದೆ. ಬಳಸಿದಂತೆ ಬಣ್ಣ ಮಾಸಿ ಕಾಲ ತಿಳಿಸುವ ನೀಲಿ ಎಳೆಗಳ ಬ್ರಷ್ಷು 1990ರ ದಶಕದಲ್ಲಿ ಪೇಟೆಗೆ ಬಂತು. ಬೇವಿನ ಕಡ್ಡಿಗೆ ಹುಟ್ಟಿನಿಂದಲೇ ಇದ್ದ ಬುದ್ಧಿಯನ್ನು ಕಾರ್ಖಾನೆ ಕಲಿಯಲು ಇಷ್ಟು ಕಾಲ ಬೇಕಾಯಿತು.

ಜ್ವರ ನೆಗಡಿ ಬಂದು ಹೋದ ಮೇಲೆ ಬ್ರಷ್ಷು ಎಸೆಯಲೇಬೇಕೆಂದು ಹಲವರು ಹೇಳುತ್ತಾರೆ. ಆರೋಗ್ಯವಂತರಿಗೆ ತಮ್ಮದೇ ಬ್ರಷ್ಷಿನಿಂದ ರೋಗ ಮರುಕಳಿಸುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆಯಿಲ್ಲ. ಬದಲಿಸಿದರೆ ನಷ್ಟವೂ ಇಲ್ಲ. ಪರರ ಬ್ರಷ್ಷು ಬಳಸದಿರುವುದು, ಒಂದೇ ಲೋಟದಲ್ಲಿ ಎಲ್ಲರ ಬ್ರಷ್ಷುಗಳ ತಲೆ ತಾಗದಂತೆ ನೋಡುವುದು, ತೊಳೆದು ನೆಟ್ಟಗೆ ನಿಲ್ಲಿಸಿ ಗಾಳಿಗೆ ಒಣಗಲು ಬಿಡುವುದು ಇವು ಹೆಚ್ಚು ಮುಖ್ಯ. ಮುಚ್ಚಳ ಹಾಕಿ ತೇವದಲ್ಲಿಟ್ಟರೆ ನೈಲಾನು ಹಂದಿಯ ಕೂದಲಿಗಿಂತ ಉತ್ತಮವಾಗಿ ಉಳಿಯದು.

ಎಲ್ಲರೂ ಬೇವಿಗೇ ಮರಳೋಣವೇ ಎಂದು ಕೇಳುವಿರಾದರೆ, ಬೇಡವೆನ್ನುವುದಿಲ್ಲ. ಹಸಿ ಕಡ್ಡಿಯನ್ನು ನಿಧಾನವಾಗಿ ಅಗಿದು ಉಜ್ಜುವ ವ್ಯವಧಾನವುಳ್ಳವರಿಗೆ ಅದು ಇಂದಿಗೂ ಒಳ್ಳೆಯದೇ. ಆದರೆ ಒರಟು ನಾರು ಒಸಡನ್ನು ಗಾಯಗೊಳಿಸಬಹುದು, ಒಳದವಡೆಯ ಹಿಂಬದಿಗೆ ಅದು ತಲುಪುವುದು ಕಷ್ಟ, ಹುಳುಕನ್ನು ತಡೆಯುವ ಫ್ಲೋರೈಡು ಅದರಲ್ಲಿಲ್ಲ. ಶಾಲೆಯ ಬಸ್ಸು ಹಿಡಿಯುವ ಮಗುವಿನ ಕೈಗೆ ಬ್ರಷ್ಷೇ ಸರಿ. ಹೊಸದನ್ನು ಕೊಂಡ ದಿನ ಅದರ ಹಿಡಿಯ ಮೇಲೆ ತಿಂಗಳ ಹೆಸರನ್ನು ಪೆನ್ನಿನಿಂದ ಬರೆದುಬಿಡಿ. ಒಂದು ಬ್ರಷ್ಷಿನ ಬೆಲೆ ಭಾಲ್ಕಿಯ ಬಸ್ ನಿಲ್ದಾಣದಲ್ಲಿ ಇಬ್ಬರು ಚಹಾ ಬಜ್ಜಿ ತಿಂದಷ್ಟು.

ಹಳೆಯದನ್ನು ಎಸೆಯಲು ಮನಸ್ಸು ಬಾರದೆಂದು ಬಲ್ಲೆ. ಹೊಲಿಗೆ ಯಂತ್ರದ ಸಂದಿ ಗೊಂದಿಗಳಿಗೆ, ಬಾಚಣಿಗೆ ತೊಳೆಯಲು, ಬೆಳ್ಳಿಯ ಕಾಲ್ಗೆಜ್ಜೆಗೆ ಅಂಟವಾಳದ ನೊರೆ ಹಚ್ಚಿ ಉಜ್ಜಲು ಅದು ಇನ್ನೂ ಎರಡು ವರ್ಷ ದುಡಿಯಬಲ್ಲದು. ಹಿಡಿಯ ತೂತಿಗೆ ದಾರ ಕಟ್ಟಿ ಲಂಗದ ಲಾಡಿ ಪೋಣಿಸುವ ನಮ್ಮ ತಾಯಂದಿರ ಜಾಣ್ಮೆಗೆ ಸಾಟಿಯಿಲ್ಲ. ಅದನ್ನು ಬಚ್ಚಲಗೂಡಿನಿಂದ ಮಾತ್ರ ಹೊರಗೆ ತಂದಿಡಿ, ಹಿಡಿಗೊಂದು ಕರಿದಾರ ಸುತ್ತಿ, ನಿದ್ದೆಗಣ್ಣಿನ ಮಗು ನಾಳೆ ಮತ್ತೆ ಅದನ್ನೇ ಎತ್ತಿಕೊಳ್ಳದ ಹಾಗೆ.